ದುರಸ್ತಿ ತಾರಸಿಯಿಂದ ಶುರುವಾಗಲಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಈಗ ಮನೆ ರಿಪೇರಿಯ ಭರಾಟೆ. ದೇವನಹಳ್ಳಿ ಪಕ್ಕದಲ್ಲಿ 2008ರಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಜಮೀನಿಗೆ ಬೆಲೆ ಬಂತು. ಹೊಸಕೋಟೆ, ನೆಲಮಂಗಲದ ಹೆದ್ದಾರಿ ಬದಿಗೆ ಗೋದಾಮು, ಕಾರ್ಖಾನೆಗಳು ಬಂದವು. ಬಾಡಿಗೆ ಮನೆ ಕೇಳಿಕೊಂಡು ಹಳ್ಳಿಗೂ ಜನ ಬಂದರು. ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಮನೆ ಕಡೆ ಕಣ್ಣು ಹೋಗುವುದು ಸಹಜ. ಆದರೆ ಆ ದುಡ್ಡು ಎಲ್ಲೆಲ್ಲಿ ಖರ್ಚಾಗುತ್ತದೆ ನೋಡಿ. ಮೊದಲು ಬೀದಿಗೆ ಕಾಣುವ ಎಲಿವೇಶನ್, ಆಮೇಲೆ ಹಾಲ್‌ಗೆ ಫಾಲ್ಸ್ ಸೀಲಿಂಗ್, ಅದರೊಳಗೆ ಬಣ್ಣದ ಲೈಟು, ನೆಲಕ್ಕೆ ಹೊಳೆಯುವ ಟೈಲ್ಸು, ಕೊನೆಗೆ ಮಿಕ್ಕಿದ್ದರೆ ಅಂಗಳಕ್ಕೆಲ್ಲ ಕಾಂಕ್ರೀಟು. ತಾರಸಿಯ ನೆನಪಾಗುವುದು ಅದು ಸೋರಿದಾಗ ಮಾತ್ರ. ಈ ಸರದಿಯೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಈ ಸೀಮೆಯಲ್ಲಿ ಮನೆಯ ದುರಸ್ತಿ ತಾರಸಿಯಿಂದ ಶುರುವಾಗಬೇಕು, ಅಲ್ಲಿಂದ ಜಗಲಿಗೂ ಅಂಗಳಕ್ಕೂ ಇಳಿಯಬೇಕು. ಹಾಲ್‌ನ ಅಲಂಕಾರ ಎಲ್ಲಕ್ಕಿಂತ ಕೊನೆಯದು.

ಇದಕ್ಕೆ ಕಾರಣ ಸೂರ್ಯ. ಜಿಲ್ಲೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ಸೂರ್ಯ ಇಲ್ಲಿ ನಡುಮಧ್ಯಾಹ್ನ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳದ ಆ ದಿನವನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಅಂದರೆ ಸೆಕೆ ಕಾಡುವ ತಿಂಗಳುಗಳಲ್ಲೇ ಮನೆಯ ಬೇರೆ ಯಾವ ಭಾಗಕ್ಕೂ ಬೀಳದಷ್ಟು ಬಿಸಿಲು ತಾರಸಿಗೆ ಬೀಳುತ್ತದೆ. ಬೋಳು ಕಾಂಕ್ರೀಟು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ನಾಲ್ಕೈದು ಇಂಚಿನ ಮೋಲ್ಡು ಹಗಲೆಲ್ಲ ಕುಡಿದ ಶಾಖ ಸಂಜೆ ಹೊತ್ತಿಗೆ ಕೋಣೆಯೊಳಕ್ಕೆ ಇಳಿಯತೊಡಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಲ್ಲಿ ಬೇಸಗೆಯ ರಾತ್ರಿಯೂ ಹೊರಗೆ ತಂಪಾಗಿಯೇ ಇರುತ್ತದೆ. ಒಳಗೆ ಮಾತ್ರ ಫ್ಯಾನು ಮೇಲಿನ ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿರುತ್ತದೆ. ಫಾಲ್ಸ್ ಸೀಲಿಂಗು ಈ ಶಾಖವನ್ನು ಸ್ವಲ್ಪ ತಡೆದೀತು, ಆದರೆ ಅಷ್ಟರಲ್ಲಿ ಮೇಲಿನ ಮೋಲ್ಡು ಕಾದು ಆಗಿರುತ್ತದೆ. ಬಿಸಿಲನ್ನು ಹೊರಗೇ ತಡೆಯುವುದು ಅಗ್ಗ, ಒಳಗೆ ಬಂದ ಮೇಲೆ ಅಟ್ಟುವುದು ದುಬಾರಿ. ಏಸಿಯ ಕರೆಂಟ್ ಬಿಲ್ಲು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಮನೆಗಳನ್ನು ಹೊಗಳುವವರೂ ಒಂದು ಸಂಗತಿ ಮರೆಯುತ್ತಾರೆ. ಕಲ್ಲು ಚಪ್ಪಡಿ ಹೊದಿಸಿದ ಮನೆಯೂ ಬಿಸಿಲಿಗೆ ಕಾಯುತ್ತದೆ. ಕೊಯಿರದ ಕಲ್ಲಿಗೆ ಹೆಸರಾದ ದೇವನಹಳ್ಳಿ ಸೀಮೆಯಲ್ಲಿ ಗೋಡೆಗೆ ಸೈಜುಗಲ್ಲು, ಮೇಲೆ ಚಪ್ಪಡಿ, ಬೇಲಿಗೂ ಕಲ್ಲಿನ ಕೂಚ. ಹಿಂದಿನವರಿಗೆ ಚಪ್ಪಡಿಯ ಗುಣ ಗೊತ್ತಿತ್ತು. ಅದಕ್ಕೇ ಅದರ ಮೇಲೆ ದಪ್ಪಗೆ ಮಣ್ಣು ಹರಡಿ ಗಾರೆ ಹಾಕುತ್ತಿದ್ದರು. ಹೆಂಚಿನ ಮನೆಯ ತಂಪಿಗೂ ಹೆಂಚಿನ ಮಣ್ಣೊಂದೇ ಕಾರಣವಲ್ಲ. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ, ಕೆಳಗಿನ ಅಟ್ಟ ಶಾಖವನ್ನು ತಡೆಯುತ್ತದೆ. ತೊಟ್ಟಿ ಮನೆಯ ನಡುವಿನ ಬಯಲು ಬೆಳಕಿಗೂ ಗಾಳಿಗೂ ದಾರಿ. ಇದರಲ್ಲಿ ಕಲಿಯಬೇಕಾದ್ದು ಕಲ್ಲು, ಹೆಂಚಿನ ಮೇಲಿನ ಮೋಹವನ್ನಲ್ಲ. ನೆತ್ತಿಗೆ ಎರಡು ಪದರವಿರಬೇಕು, ಬಿಸಿಗಾಳಿ ಹೊರಗೆ ಹೋಗಲು ಎತ್ತರದಲ್ಲಿ ಕಿಂಡಿಯಿರಬೇಕು ಎಂಬ ಲೆಕ್ಕವನ್ನು. ಆ ಲೆಕ್ಕ ಆರ್‌ಸಿಸಿ ಮನೆಗೂ ಹೊಂದುತ್ತದೆ.

ಎಲ್ಲಕ್ಕಿಂತ ಅಗ್ಗದ ಕೆಲಸ ತಾರಸಿಗೆ ಬಿಳಿ ಬಳಿಯುವುದು. ಸುಣ್ಣವಾದರೆ ಮಳೆಗೆ ತೊಳೆದುಹೋಗುತ್ತದೆ, ವರ್ಷ ವರ್ಷ ಹೊಡೆಯಬೇಕು. ಬಿಸಿಲು ಹಿಂದಿರುಗಿಸುವ ಬಿಳಿ ಪೇಂಟು ಕೆಲವು ವರ್ಷ ನಿಲ್ಲುತ್ತದೆ. ಒಡೆದ ಬಿಳಿ ಟೈಲ್ಸಿನ ಚೂರು ಕೂರಿಸಿದರೆ ಇನ್ನೂ ಗಟ್ಟಿ, ಜೊತೆಗೆ ಸೋರಿಕೆಗೂ ತಡೆ. ಅದಕ್ಕಿಂತ ಮೇಲಿನದು ತಾರಸಿಯ ಮೇಲೊಂದು ಮಾಡು. ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು ಈಗಾಗಲೇ ದೊಡ್ಡಬಳ್ಳಾಪುರದಿಂದ ನೆಲಮಂಗಲದವರೆಗೆ ಕಾಣುತ್ತದೆ. ಕೆಲವರು ಇದನ್ನು ಅಂದಗೆಟ್ಟ ಕೆಲಸ ಎಂದು ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಇದು ಬೀದಿಯ ಜನರೇ ಕಂಡುಕೊಂಡ ಒಳ್ಳೆಯ ವಿನ್ಯಾಸ. ನಡುವೆ ಗಾಳಿಯಾಡಿದರೆ ಮೋಲ್ಡಿಗೆ ಬಿಸಿಲೇ ತಾಗುವುದಿಲ್ಲ, ರಾಗಿ ಒಣಗಿಸಿ ಒಟ್ಟಲು ಜಾಗ ಸಿಗುತ್ತದೆ, ಮಳೆಗಾಲದಲ್ಲಿ ಬಟ್ಟೆ ಆರುತ್ತದೆ. ಶೀಟಿನ ಬದಲು ಹಳೆಯ ಮನೆಯ ಹೆಂಚನ್ನೇ ಹೊದಿಸಿದರೆ ನೋಟವೂ ಚೆನ್ನ. ನಾಲ್ಕೂ ಕಡೆ ಮುಚ್ಚಿ ಅದನ್ನೊಂದು ಕೋಣೆ ಮಾಡಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ, ಸೆಕೆ ಒಂದು ಮಹಡಿ ಮೇಲಕ್ಕೆ ಹೋಗಿ ಕೂರುತ್ತದೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಅವನ್ನು ಕೊಯ್ಯುವುದು, ಒಡೆಯುವುದು ಬೇಡ. ಆ ಧೂಳು ಶ್ವಾಸಕೋಶಕ್ಕೆ ಅಪಾಯ.

ಇಲ್ಲಿ ದೊಡ್ಡ ಆಕ್ಷೇಪವೊಂದು ಬರುತ್ತದೆ. ನಾಳೆ ಎರಡನೆಯ ಮಗನಿಗೆ ಮೇಲೊಂದು ಮನೆ ಎತ್ತಬೇಕು, ಇಲ್ಲವೇ ಬಾಡಿಗೆಗೆ ಕೊಡಬೇಕು, ಈಗಲೇ ತಾರಸಿಗೆ ದುಡ್ಡು ಸುರಿಯುವುದೇಕೆ? ನ್ಯಾಯವಾದ ಪ್ರಶ್ನೆ. ಹಾಗಿದ್ದವರು ಬೋಲ್ಟು ಹಾಕಿದ ಕಂಬಗಳ ಮೇಲೆ ಶೀಟು ಹೊದಿಸಲಿ. ಮೇಲೆ ಕಟ್ಟುವಾಗ ಬಿಚ್ಚಿ ಅದರ ಮೇಲಿನ ತಾರಸಿಗೆ ಸಾಗಿಸಬಹುದು. ಬಿಳಿ ಬಣ್ಣದ ಖರ್ಚಂತೂ ಎಲಿವೇಶನ್ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಇನ್ನು ಹೆಂಚಿನ ಮನೆಯವರ ದೂರು ಕೋತಿಗಳದ್ದು. ಅವು ಹೆಂಚು ಸರಿಸುತ್ತವೆ, ಕೈಯಾಡಿಸುವ ಕೆಲಸಗಾರ ಸಿಗುವುದಿಲ್ಲ, ಮಳೆ ಬಂದರೆ ಪಾತ್ರೆ ಇಡಬೇಕು. ಇದೂ ನಿಜ. ಮಾಡು ಪೂರ್ತಿ ಹಾಳಾಗಿದ್ದರೆ ಹೆಂಚಿಗೇ ಅಂಟಿಕೊಳ್ಳಿ ಎಂದು ಹೇಳುವುದು ಬಡಾಯಿಯಾದೀತು. ಆದರೆ ಬದಲಿಸುವಾಗ ಬೋಳು ಮೋಲ್ಡೊಂದೇ ದಾರಿಯಲ್ಲ. ಮೋಲ್ಡಿನ ಕೆಳಪದರದಲ್ಲಿ ಕಾಂಕ್ರೀಟಿನ ಬದಲು ಹಳೆಯ ಹೆಂಚುಗಳನ್ನು ಜೋಡಿಸಿ ಹಾಕುವ ಪದ್ಧತಿಯನ್ನು ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದರು. ಸಿಮೆಂಟೂ ಉಳಿಯುತ್ತದೆ, ಶಾಖವೂ ಕಡಿಮೆಯಾಗುತ್ತದೆ. ಇದಕ್ಕೆ ಅನುಭವವಿರುವ ಎಂಜಿನಿಯರ್ ಬೇಕು, ಕಂಬಿಯ ಲೆಕ್ಕ ತಪ್ಪಬಾರದು.

ತಾರಸಿಯಿಂದ ಇಳಿದರೆ ಜಗಲಿ. ರಸ್ತೆ ಅಗಲವಾದಾಗ ಕೆಲವು ಜಗಲಿಗಳು ಹೋದವು, ಉಳಿದವನ್ನು ನಾವೇ ಗ್ರಿಲ್ಲು, ಗಾಜು ಹಾಕಿ ಕೋಣೆ ಮಾಡಿಕೊಂಡೆವು. ಪಶ್ಚಿಮ ಅಥವಾ ಪೂರ್ವಕ್ಕೆ ಮುಖವಿರುವ ಮನೆಗೆ ಜಗಲಿಯ ಚಾಚು ಬಹಳ ಮುಖ್ಯ, ಏಕೆಂದರೆ ಓರೆಯಾಗಿ ಬರುವ ಬೆಳಗಿನ, ಸಂಜೆಯ ಬಿಸಿಲಿಗೆ ಒಂದೂವರೆ ಅಡಿಯ ಸಜ್ಜಾ ಯಾವ ಲೆಕ್ಕಕ್ಕೂ ಇಲ್ಲ. ಆರೇಳು ಅಡಿ ಅಗಲದ ನೆರಳು, ಅದರ ಮುಂದೆ ಪಶ್ಚಿಮಕ್ಕೊಂದು ಹೊಂಗೆ ಮರ ಇದ್ದರೆ ಗೋಡೆ ತಣ್ಣಗಿರುತ್ತದೆ. ಮರದ ಎಲೆ ಉದುರುತ್ತದೆ, ಸೊಳ್ಳೆ ಬರುತ್ತದೆ ಎನ್ನುವವರಿದ್ದಾರೆ. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಲ್ಲಿ. ಮರವನ್ನು ದೂರುವ ಮೊದಲು ಮುಚ್ಚಳವಿಲ್ಲದ ಸಂಪು, ಟೈರು, ಕುಂಡದ ತಟ್ಟೆ ನೋಡಿ. ಈ ಜಿಲ್ಲೆಗೆ ತನ್ನದೇ ಮರಗಳೂ ಇವೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ತೂಬಗೆರೆಯ ಹಲಸು ಹೆಸರುವಾಸಿ. ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾದಾಗ ಅದರ ಬಿದಿರಿನ ಚಾವಣಿ, ತೂಗುವ ಗಿಡಗಳನ್ನು ಎಲ್ಲರೂ ಕೊಂಡಾಡಿದರು. ಅದೇ ನಿಲ್ದಾಣದ ರಸ್ತೆಯ ಆಚೀಚೆ ಮನೆಗಳ ಮುಂದಿನ ಮರ ಕಡಿದು ಇಂಟರ್‌ಲಾಕ್ ಹಾಸುತ್ತಿದ್ದೇವೆ.

ಅಂಗಳಕ್ಕೆ ಕಾಂಕ್ರೀಟು ಹಾಕುವುದಕ್ಕೂ ಕಾರಣವಿದೆ, ಕೆಸರಾಗುವುದಿಲ್ಲ, ಗುಡಿಸಲು ಸುಲಭ. ಆದರೆ ಅದು ಬಿಸಿಲನ್ನು ಗೋಡೆಗೆ ಎರಚುತ್ತದೆ, ಮಳೆನೀರನ್ನು ಮೋರಿಗೆ ಅಟ್ಟುತ್ತದೆ. ಓಡಾಡುವ ದಾರಿಗಷ್ಟೇ ಚಪ್ಪಡಿ ಹಾಸಿ ಮಿಕ್ಕದ್ದನ್ನು ಮಣ್ಣಾಗಿಯೇ ಬಿಟ್ಟರೆ ಎರಡೂ ಸಾಗುತ್ತದೆ. ನೀರಿನ ಲೆಕ್ಕ ನೋಡಿ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುವ ಇಲ್ಲಿ ಸಾವಿರ ಚದರ ಅಡಿ ತಾರಸಿಯ ಮೇಲೆ ಬೀಳುವುದು ಹೆಚ್ಚುಕಮ್ಮಿ 74 ಸಾವಿರ ಲೀಟರ್. ಐದರಲ್ಲೊಂದು ಪಾಲು ಪೋಲಾಯಿತು ಎಂದರೂ 59 ಸಾವಿರ ಲೀಟರ್ ಉಳಿಯಿತು. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇದು ಹತ್ತಿರ ಹತ್ತು ಲೋಡು. ಟ್ಯಾಂಕರಿಗೆ ಸುರಿಯುವ ಹಣದಿಂದ ಅಂತರ್ಜಲ ತುಂಬುವುದಿಲ್ಲ, ಬೋರ್‌ವೆಲ್ ನೂರಾರು ಅಡಿ ಇಳಿದ ಊರುಗಳಿವು. ಬಿಳಿ ಬಳಿದು ಚೊಕ್ಕಟವಾಗಿಟ್ಟ ತಾರಸಿಯ ನೀರಿಗೆ ಮೊದಲ ಮಳೆಯನ್ನು ಹೊರಬಿಡುವ ಪೈಪು, ಒಂದು ಮರಳು ಫಿಲ್ಟರು ಸಾಕು. ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೋ ಹಳೆಯ ಬಾವಿಗೋ ಹೋಗಲಿ.

ಇನ್ನು ಮನೆಯೊಳಗೆ. ಚಪ್ಪಡಿ ಮನೆಯವರು ದೊಡ್ಡ ಹಾಲ್ ಬೇಕೆಂದು ನಡುಗೋಡೆ ಕೆಡವಲು ಹೊರಡುವುದುಂಟು. ಚಪ್ಪಡಿ ಗೋಡೆಯಿಂದ ಗೋಡೆಗೆ ಕೂತಿರುತ್ತದೆ, ಆ ಗೋಡೆಯೇ ಅದರ ಆಧಾರ. ತೊಲೆ ಕೊಡದೆ ಮುಟ್ಟಿದರೆ ಜೀವಕ್ಕೇ ಅಪಾಯ. ಬಾಗಿಲು ಅಗಲಿಸುವುದು, ಎತ್ತರದಲ್ಲಿ ಬೆಳಕಿಂಡಿ ತೆಗೆಯುವುದು ಇಷ್ಟಕ್ಕೇ ಮನೆ ಬದಲಾಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಪದರು ಪದರಾಗಿ ಬೀಳುತ್ತದೆ, ಸುಣ್ಣದ ಗಾರೆಯೇ ಸರಿ. ಹೊಸ ಕೋಣೆ ಸೇರಿಸುವವರಿಗೆ ನಮ್ಮ ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಘಟಕ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ. ವಾಸ್ತುವಿನವರಿಗೆ ಒಂದು ಮಾತು: ಮನೆಯ ನಡುವನ್ನು ತೆರೆದಿಡಬೇಕೆಂದು ಹೇಳುವ ಶಾಸ್ತ್ರವನ್ನು ನಂಬಿಕೊಂಡೇ ತೊಟ್ಟಿಗೆ ಮೋಲ್ಡು ಮುಚ್ಚುವುದು ನನಗೆ ಅರ್ಥವಾಗಿಲ್ಲ. ಕಳ್ಳರ ಭಯವಿದ್ದರೆ ಜಾಲರಿ ಹಾಕಿ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಕತೆ ಬೇರೆ. ಅಲ್ಲಿ ಮನೆಯೇ ಕಾರ್ಖಾನೆ. ವಿದ್ಯುತ್ ಮಗ್ಗದ ಸದ್ದು, ಅದುರು, ಮೋಟರಿನ ಬಿಸಿ ಮಲಗುವ ಕೋಣೆಯ ಪಕ್ಕದಲ್ಲೇ. ಇಂಥ ಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಸೀರೆಗೂ ನೇಯುವವರಿಗೂ ಏನೂ ಸಿಗುವುದಿಲ್ಲ. ಮಗ್ಗಕ್ಕೂ ಮನೆಗೂ ನಡುವೆ ಮೂರು ನಾಲ್ಕು ಅಡಿ ಬಯಲು ಬಿಟ್ಟರೆ, ಮಗ್ಗದ ಕಾಲಿಗೆ ರಬ್ಬರ್ ಕೊಟ್ಟರೆ, ಉತ್ತರಕ್ಕೆ ಎತ್ತರದ ಕಿಟಕಿ ಇಟ್ಟರೆ ನೇರ ಬಿಸಿಲು ಕಡಿಮೆಯಿರುವ ಬೆಳಕು ಸಿಕ್ಕಿ ಕಣ್ಣಿಗೂ ಕಿವಿಗೂ ಹಗುರ. ಆ ನಾಲ್ಕಡಿ ಜಾಗ ಬಿಡಲು ಇಕ್ಕಟ್ಟಿನ ಕೇರಿಯಲ್ಲಿ ಆಗುವುದಿಲ್ಲ ಎಂಬುದೂ ಸತ್ಯ. ಅಂಥಲ್ಲಿ ತಾರಸಿಗೆ ಬಿಳಿ ಬಳಿಯುವುದಾದರೂ ಆಗುತ್ತದೆ.

ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಹೊಡೆಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಗೋಡೆಗೆ ಬಣ್ಣ ತರುವಾಗ ತಾರಸಿಗೂ ಒಂದಿಷ್ಟು ತನ್ನಿ. ಬಿರುಕು ಮುಚ್ಚಿ, ಕಸ ಗುಡಿಸಿ, ಎರಡು ಕೋಟು ಬಿಳಿ ಹೊಡೆಸಿ. ಒಂದು ಬೇಸಗೆ ಹಾಗೆ ಕಳೆದ ಮೇಲೆ ಫಾಲ್ಸ್ ಸೀಲಿಂಗ್ ಬೇಕೋ ಬೇಡವೋ ತೀರ್ಮಾನಿಸಿ.