'ವೆಂಡಿ' ಎಂಬ ಹೆಸರನ್ನು 'ಪೀಟರ್ ಪ್ಯಾನ್' ಬರೆದವರೇ ಹುಟ್ಟುಹಾಕಿದರಾ? ನಿಜ ಏನು?

"1904ಕ್ಕಿಂತ ಮೊದಲು ಜಗತ್ತಿನಲ್ಲಿ ವೆಂಡಿ ಎಂಬ ಹೆಸರಿನವರು ಒಬ್ಬರೂ ಇರಲಿಲ್ಲ. ಒಬ್ಬ ಲೇಖಕ ತನ್ನ ನಾಟಕಕ್ಕಾಗಿ ಈ ಹೆಸರನ್ನು ಸೃಷ್ಟಿಸಿದ!"

ಇಂಥದ್ದೊಂದು ಮಾತನ್ನು ನೀವೂ ಓದಿರಬಹುದು, 'ನಿಮಗೆ ಗೊತ್ತೇ?' ಎಂಬ ತಲೆಬರಹದೊಂದಿಗೆ ಬೇರೆಯವರಿಗೆ ಕಳಿಸಿಯೂ ಇರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ನಿಜವಾದ ಭಾಗದಲ್ಲಿ ಫಾರ್ವರ್ಡ್‌ಗಳು ಬಿಟ್ಟುಬಿಡುವ ಒಬ್ಬ ಪುಟ್ಟ ಹುಡುಗಿ ಇದ್ದಾಳೆ.

ಮಗುವಿನ ತೊದಲು ಮಾತು

ಸ್ಕಾಟ್ಲೆಂಡ್ ಮೂಲದ ಲೇಖಕ ಜೆ. ಎಂ. ಬ್ಯಾರಿ ಅವರ 'ಪೀಟರ್ ಪ್ಯಾನ್' ನಾಟಕ 1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರಲ್ಲಿ ಪೀಟರ್ ಜೊತೆ ಹಾರಿ ಹೋಗುವ ಹುಡುಗಿಯೇ ವೆಂಡಿ ಡಾರ್ಲಿಂಗ್. 1911ರಲ್ಲಿ ಬ್ಯಾರಿ ಇದೇ ಕಥೆಯನ್ನು ಕಾದಂಬರಿಯಾಗಿಯೂ ಬರೆದರು.

ಬ್ಯಾರಿಗೆ ಡಬ್ಲ್ಯು. ಇ. ಹೆನ್ಲಿ ಎಂಬ ಕವಿ ಮಿತ್ರರಿದ್ದರು. ಅವರ ಮಗಳು ಮಾರ್ಗರೆಟ್‌ಗೆ ಬ್ಯಾರಿ ಎಂದರೆ ಬಲು ಪ್ರೀತಿ. ಆಕೆ ಬ್ಯಾರಿಯನ್ನು 'ಫ್ರೆಂಡಿ' ಎಂದು ಕರೆಯಲು ಹೋದರೆ, 'ರ' ಹೊರಳದೆ ಅದು 'ಫ್ವೆಂಡಿ-ವೆಂಡಿ' ಆಗುತ್ತಿತ್ತು ಎನ್ನುತ್ತಾರೆ. ಬ್ಯಾರಿ ತಮ್ಮ ನಾಯಕಿಗೆ ಹೆಸರು ಆರಿಸಿಕೊಂಡಿದ್ದು ಇಲ್ಲಿಂದಲೇ. ಆದರೆ ಆ ನಾಟಕ ನೋಡಲು ಮಾರ್ಗರೆಟ್ ಇರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1894ರಲ್ಲಿ, ಐದೇ ವರ್ಷದ ಆ ಮಗು ತೀರಿಕೊಂಡಿತ್ತು.

'ರ' ಏಕೆ ಹೊರಳುವುದಿಲ್ಲ?

'ರಾಜು ಮಾಮ' ಎನ್ನಲು ಹೋಗಿ 'ಲಾಜು ಮಾಮ' ಎನ್ನುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. 'ರ' ಉಚ್ಚರಿಸಲು ನಾಲಿಗೆಯನ್ನು ಬಾಯೊಳಗೆ ಸರಿಯಾದ ಜಾಗಕ್ಕೆ ತಂದು ನಿಯಂತ್ರಿಸಬೇಕು. 'ಮ', 'ಪ', 'ಬ'ಗಳಿಗೆ ತುಟಿ ಸೇರಿಸಿದರೆ ಸಾಕು. ಹಾಗಾಗಿ ಮಕ್ಕಳಿಗೆ ತಡವಾಗಿ ಒಲಿಯುವ ಧ್ವನಿಗಳಲ್ಲಿ 'ರ' ಒಂದು. ಕನ್ನಡದ ಮಕ್ಕಳು ಅದರ ಜಾಗದಲ್ಲಿ ಹೆಚ್ಚಾಗಿ 'ಲ' ಹಾಕಿದರೆ, ಇಂಗ್ಲಿಷ್ ಮಾತಾಡುವ ಮಕ್ಕಳು 'ವ' ಹಾಕುತ್ತಾರೆ.

1904ಕ್ಕೂ ಮೊದಲೇ ವೆಂಡಿ ಇದ್ದರು

ಈಗ ಸುಳ್ಳಿನ ಭಾಗಕ್ಕೆ ಬರೋಣ. ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿ ವೆಂಡಿ ಎಂಬ ಹಳ್ಳಿಯೇ ಇದೆ. ಬ್ಯಾರಿ ಹುಟ್ಟುವುದಕ್ಕೂ ನೂರಾರು ವರ್ಷ ಹಿಂದಿನ ಊರದು. ವೆಂಡಿ ಎಂಬುದು ಅಡ್ಡಹೆಸರಾಗಿಯೂ ಇತ್ತು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಅವರ ಹೆಸರಿನಲ್ಲಿ ಊರು ಸೇರಿಕೊಂಡಂತೆ ಅಲ್ಲಿಯೂ ಊರಿನ ಹೆಸರುಗಳು ಅಡ್ಡಹೆಸರಾಗುತ್ತಿದ್ದವು. 16ನೇ ಶತಮಾನದಲ್ಲಿ ದೊರೆ ಎಂಟನೇ ಹೆನ್ರಿಗೆ ವೈದ್ಯರಾಗಿದ್ದವರ ಹೆಸರು ಥಾಮಸ್ ವೆಂಡಿ.

ಮೊದಲ ಹೆಸರಾಗಿಯೂ ಇದು ಸಿಗುತ್ತದೆ. 17ನೇ ಶತಮಾನದ ಮಧ್ಯಭಾಗದಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, ಕ್ಯಾಪ್ಟನ್ ವೆಂಡಿ ಆಕ್ಸ್‌ಫರ್ಡ್ ಎಂಬಾತನಿದ್ದ. ತನ್ನ ಮೇಲೆ ಗೂಢಚಾರಿಕೆ ಮಾಡುತ್ತಿರುವವನು ಇವನೇ ಎಂದು ಅಂದಿನ ರಾಜಕೀಯ ಹೋರಾಟಗಾರ ಜಾನ್ ಲಿಲ್‌ಬರ್ನ್ ಗುರುತಿಸಿದ್ದರು. ಹೌದು, ಈ ವೆಂಡಿ ಗಂಡಸು!

ಹಾಗಾದರೆ ಹೆಸರಿನ ಅರ್ಥವೇನು?

ಹೆಸರುಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ 'ವೆಂಡಿ ಎಂದರೆ ಗೆಳತಿ' ಎಂದಿರುತ್ತದೆ. ಮಾರ್ಗರೆಟ್‌ಳ ಮಾತಿನಿಂದ ನೋಡಿದರೆ ಇದಕ್ಕೆ ಆಧಾರವಿದೆ, ಆದರೆ ಇದು ಯಾವ ಭಾಷೆಯ ಹಳೆಯ ಪದವೂ ಅಲ್ಲ. ಕೆಲವರು ಇದನ್ನು ವೇಲ್ಸ್‌ನ 'ಗ್ವೆಂಡೊಲಿನ್' ಹೆಸರಿನ ಚಿಕ್ಕ ರೂಪವಾಗಿ ಇಟ್ಟುಕೊಳ್ಳುತ್ತಾರೆ. ವೆಲ್ಷ್ ಭಾಷೆಯಲ್ಲಿ 'ಗ್ವೆನ್' ಎಂದರೆ ಬಿಳಿ, ಶುಭ್ರ. ಇನ್ನು ಕೇಂಬ್ರಿಡ್ಜ್‌ಶೈರ್‌ನ ಊರಿನ ಹೆಸರಿಗೆ ನದಿಯ ತಿರುವಿನ ದ್ವೀಪ ಎಂಬ ವಿವರಣೆಯಿದೆ. ಒಂದೇ ಹೆಸರು, ಮೂರು ದಾರಿ, ಮೂರು ಅರ್ಥ!

ಏರಿದ ಹೆಸರು, ಇಳಿದ ಹೆಸರು

ನಾಟಕ, ಕಾದಂಬರಿಗಳ ನಂತರ ಇದು ಹೆಣ್ಣುಮಕ್ಕಳ ಹೆಸರಾಗಿ ಹಬ್ಬಿತು. ಮುಂದೆ ಆಸ್ಕರ್ ಪಡೆದ ನಟಿ ವೆಂಡಿ ಹಿಲ್ಲರ್ ಹುಟ್ಟಿದ್ದು ಕಾದಂಬರಿ ಬಂದ ಮರುವರ್ಷ, 1912ರಲ್ಲಿ. 1953ರಲ್ಲಿ ಡಿಸ್ನಿ ಈ ಕಥೆಯನ್ನು ಕಾರ್ಟೂನ್ ಸಿನಿಮಾ ಮಾಡಿತು. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಈ ಹೆಸರಿನ ಜನಪ್ರಿಯತೆ ತುತ್ತತುದಿಯಲ್ಲಿತ್ತು. ಅಮೆರಿಕದಲ್ಲೂ 1970ರ ಸುಮಾರಿಗೆ ಹೆಣ್ಣುಮಕ್ಕಳ ಮೊದಲ 50 ಹೆಸರುಗಳಲ್ಲಿ ಒಂದಾಗಿತ್ತು. ಆಮೇಲೆ ಇಳಿಯುತ್ತಾ ಬಂದು, ಈಗ ಹುಟ್ಟುವ ಮಕ್ಕಳಲ್ಲಿ ಇದು ಅಪರೂಪ.

ಇದೇ ಹೆಸರಿನ ಬರ್ಗರ್ ಕಂಪನಿಯ ಕಥೆಯೂ ತೊದಲು ಮಾತಿನದೇ. 1969ರಲ್ಲಿ ಅಮೆರಿಕದ ಓಹಾಯೋದಲ್ಲಿ 'ವೆಂಡೀಸ್' ಶುರುಮಾಡಿದ ಡೇವ್ ಥಾಮಸ್ ಅವರ ಮಗಳ ನಿಜವಾದ ಹೆಸರು ಮೆಲಿಂಡಾ. ಚಿಕ್ಕ ಮಕ್ಕಳ ಬಾಯಲ್ಲಿ ಅದು ವೆಂಡಿ ಆಯಿತು, ಅಂಗಡಿಗೂ ಅದೇ ನಿಂತಿತು.

ನಮ್ಮ ತೀರ್ಮಾನ

'ವೆಂಡಿ ಹೆಸರನ್ನು ಬ್ಯಾರಿ ಸೃಷ್ಟಿಸಿದರು' ಎಂಬುದು ಅರ್ಧ ಸತ್ಯ. ಹೆಸರು ಮೊದಲೇ ಇತ್ತು. ಅದನ್ನು ಮನೆಮನೆಯ ಹೆಣ್ಣುಮಕ್ಕಳ ಹೆಸರಾಗಿಸಿದ ಕೀರ್ತಿ ಮಾತ್ರ ಬ್ಯಾರಿ ಅವರದು, ಮತ್ತು ಮಾರ್ಗರೆಟ್‌ಳದು.

ಮಗುವಿಗೆ ಹೆಸರು ಹುಡುಕುವಾಗಲೂ ಇದು ನೆನಪಿರಲಿ. ವಾಟ್ಸ್‌ಆಪ್‌ನಲ್ಲಿ ಬಂದ ಪಟ್ಟಿಯಲ್ಲಿ 'ಸಂಸ್ಕೃತದಲ್ಲಿ ಇದರ ಅರ್ಥ ಹೀಗೆ' ಎಂದಿದ್ದರೆ, ಒಮ್ಮೆ ಒಳ್ಳೆಯ ನಿಘಂಟು ತೆರೆದು ನೋಡಿ. ಅಲ್ಲಿ ಸಿಗದಿದ್ದರೆ ಆ ಹೆಸರು ಇಡಬಾರದು ಎಂದೇನಿಲ್ಲ. ಇಷ್ಟವಾದರೆ ಖಂಡಿತ ಇಡಿ. ಇಲ್ಲದ ಅರ್ಥವನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.