ಏಳು ಮಿಲಿಮೀಟರಿನ ಅಂತರ

ಎನ್.ಸಿ.ಸಿ. ಶಿಬಿರದಿಂದ ಮಾಳಮಡ್ಡಿಗೆ ಮರಳಿದ ವಿದ್ಯಾರ್ಥಿಗಳು, ಒಂದೇ ರೈಫಲಿನ ಗುಂಡುಗಳು ಒಂದೆಡೆ ನಾಟವೇಕೆಂದು ಕೇಳುವುದುಂಟು. ಕೈನಡುಕದ ಮಾತು ಹಾಗಿರಲಿ. ಪ್ರತಿ ಕಾಡತೂಸಿನ ವೇಗವೂ ತುಸು ಬೇರೆ. ಸೆಕೆಂಡಿಗೆ 330 ಮೀಟರು ವೇಗದ .22 ಗುಂಡು 50 ಮೀಟರು ಸಾಗುವಷ್ಟರಲ್ಲಿ ಗುರುತ್ವಾಕರ್ಷಣದಿಂದ ಸುಮಾರು 113 ಮಿಲಿಮೀಟರು ಕೆಳಗಿಳಿಯುವುದು. 320 ಮೀಟರು ವೇಗದ್ದು, 120. (ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.) ಅಂತರ 7 ಮಿಲಿಮೀಟರು! ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರು, ನಡುವಿಗೆ ಹೂಡಿದ ಗುಂಡಿನ ಅಂಚು ಮಾತ್ರ ಅದನ್ನು ಮುಟ್ಟೀತು.

ದೊಡ್ಡ ರೈಫಲಿನವರು ಕೆಲವು ದೇಶಗಳಲ್ಲಿ ಮದ್ದನ್ನು ತೂಗಿ, ಕಾಡತೂಸನ್ನು ತಾವೇ ತುಂಬಿ ಈ ಅಂತರವನ್ನು ಕುಗ್ಗಿಸುತ್ತಾರೆ. .22ರಲ್ಲಿ ಕಿಡಿ ಹೊತ್ತಿಸುವ ಮದ್ದು ಕೋಶದ ಅಂಚಿನೊಳಗೇ ಇರುವುದರಿಂದ ಆ ದಾರಿಯಿಲ್ಲ. ಆದುದರಿಂದ ಸ್ಪರ್ಧಿಗಳು ರೈಫಲನ್ನು ಅಲುಗದಂತೆ ಬಿಗಿದು, ಬೇರೆ ಬೇರೆ ಕಂತಿನಲ್ಲಿ ತಯಾರಾದ ಕಾಡತೂಸುಗಳನ್ನು ಹಾರಿಸಿ, ರಂಧ್ರಗಳು ಒತ್ತೊತ್ತಾಗಿ ಬಿದ್ದ ಕಂತನ್ನೇ ಆರಿಸಿ ಕೊಳ್ಳುತ್ತಾರೆ.