ಐಪೀಸಿನ ಮೇಲಿನ ಅಂಕಿ

ದೂರದರ್ಶಕದ ದೊಡ್ಡ ಕನ್ನಡಿ ಆಕಾಶದ ಬೆಳಕನ್ನು ಕೂಡಿಸಿ ಒಂದು ಪುಟ್ಟ ಬಿಂಬ ಮೂಡಿಸುತ್ತದೆ. ಅದನ್ನು ಹಿಗ್ಗಿಸಿ ಕಣ್ಣಿಗೆ ಒಪ್ಪಿಸುವುದು ಐಪೀಸ್. ಅದೂ ಭೂತಗನ್ನಡಿಯೇ, ಸ್ವಲ್ಪ ಹೆಚ್ಚು ಕಲಿತ ಭೂತಗನ್ನಡಿ. ಕೊಳವೆಯಿಂದ ಕಳಚಿ ಇನ್ನೊಂದನ್ನು ಹಾಕಬಹುದಾದ್ದರಿಂದ ಒಂದೇ ದೂರದರ್ಶಕ ಬೇರೆ ಬೇರೆ ಉಪಕರಣಗಳಂತೆ ಕೆಲಸ ಮಾಡುತ್ತದೆ.

ಐಪೀಸಿನ ಮೈಮೇಲೆ 25, 10, 4 ಎಂದೆಲ್ಲ ಬರೆದಿರುತ್ತದೆ. ಇದು ಮಿಲಿಮೀಟರಿನಲ್ಲಿ ಅದರ ಸಂಗಮದೂರ. ದೂರದರ್ಶಕದ ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಹವ್ಯಾಸಿಗಳ ಬಳಿ ಸಾಮಾನ್ಯವಾಗಿ ಕಾಣುವ ಡಾಬ್ಸೋನಿಯನ್ ಮಾದರಿಯ ದೂರದರ್ಶಕ ಒಂದನ್ನು ತೆಗೆದುಕೊಳ್ಳಬಹುದು: ಕನ್ನಡಿಯ ವ್ಯಾಸ 150 ಮಿ.ಮೀ., ಸಂಗಮದೂರ 1200 ಮಿ.ಮೀ. ಇದಕ್ಕೆ 25ರ ಐಪೀಸ್ ಹಾಕಿದರೆ 48 ಪಟ್ಟು, 10ರದಕ್ಕೆ 120 ಪಟ್ಟು, 4ರದಕ್ಕೆ 300 ಪಟ್ಟು. ಅಂಕಿ ಇಳಿದಷ್ಟೂ ವರ್ಧನೆ ಏರುತ್ತದೆ.

ಹಾಗಾದರೆ 4ರದೇ ಮೇಲು ಎನಿಸುತ್ತದೆ. ಹೊಸಬರು ಎಡವುವುದು ಇಲ್ಲೇ. ಕನ್ನಡಿ ಕೂಡಿಸಿದ ಬೆಳಕು ಅಷ್ಟೇ; ಹಿಗ್ಗಿಸಿದಷ್ಟೂ ಅದು ತೆಳುವಾಗುತ್ತದೆ. ಐಪೀಸಿನಿಂದ ಹೊರಬೀಳುವ ಬೆಳಕಿನ ಕಂಬದ ಅಗಲವೆಂದರೆ ಕನ್ನಡಿಯ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಷ್ಟು. 48 ಪಟ್ಟಿನಲ್ಲಿ ಅದು ಸುಮಾರು 3 ಮಿ.ಮೀ., 300 ಪಟ್ಟಿನಲ್ಲಿ ಬರೀ ಅರ್ಧ ಮಿ.ಮೀ. ಆಗ ಗುರುಗ್ರಹ ದೊಡ್ಡದಾಗಿ, ಮಬ್ಬಾಗಿ, ನೀರಿನಡಿಯ ನಾಣ್ಯದಂತೆ ನಡುಗುತ್ತ ಕಾಣುತ್ತದೆ. ನಡುಗಿಸುವುದು ವಾತಾವರಣ. ಹಗಲೆಲ್ಲ ಕಾದ ತಾರಸಿ ರಾತ್ರಿ ಬಿಸಿ ಬಿಡುವಾಗ ಅಲ್ಲೇ ದೂರದರ್ಶಕ ಹೂಡಿದರಂತೂ ನಡುಕ ಇಮ್ಮಡಿ. ಕನ್ನಡಿಯ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬ ಪುಸ್ತಕದ ಮಿತಿ ಅಪರೂಪದ ನಿಶ್ಚಲ ರಾತ್ರಿಗಳಿಗೆ ಮಾತ್ರ. ಶನಿಯ ಬಳೆ ಕಾಣಲು 30–40 ಪಟ್ಟು ಸಾಕು.

ಇಂದಿನ ಐಪೀಸುಗಳ ಹೆಸರುಗಳಲ್ಲಿ ಅವುಗಳ ಇತಿಹಾಸವೇ ಇದೆ. ಗೆಲಿಲಿಯೋ ಬಳಸಿದ್ದು ಒಂದೇ ನಿಮ್ನ ಮಸೂರ. ಕಿಂಡಿಯಲ್ಲಿ ಇಣುಕಿದಂಥ ನೋಟ. 1611ರಲ್ಲಿ ಕೆಪ್ಲರ್ ಪೀನ ಮಸೂರ ಸೂಚಿಸಿದ. ಅದೇ ಶತಮಾನದಲ್ಲಿ ಹೈಗೆನ್ಸ್ ಎರಡು ಮಸೂರ ಜೋಡಿಸಿದ. ಅಗ್ಗದ ಆಟಿಕೆ ದೂರದರ್ಶಕಗಳ ಐಪೀಸಿನ ಮೇಲೆ ಇಂದೂ ಕಾಣುವ ‘ಎಚ್’ ಅವನ ಹೆಸರಿನ ಮೊದಲ ಅಕ್ಷರ. 1849ರಲ್ಲಿ ಕೆಲ್ನರ್ ಬಣ್ಣದ ಅಂಚನ್ನು ತಗ್ಗಿಸಿದ. 1860ರಲ್ಲಿ ವಿಯೆನ್ನಾದ ಪ್ಲಾಸಲ್ ನಾಲ್ಕು ಮಸೂರಗಳನ್ನು ಎರಡು ಜೋಡಿಯಾಗಿ ಎದುರುಬದುರು ಕೂರಿಸಿದ. ಇವತ್ತಿಗೂ ಕೊಟ್ಟ ಕಾಸಿಗೆ ಮೋಸವಿಲ್ಲದ ವಿನ್ಯಾಸ ಅದೇ. ಅಪೋಲೊ ಯಾನಿಗಳ ತರಬೇತಿಗೆ ದೃಶ್ಯ ಉಪಕರಣ ರೂಪಿಸಿದ್ದ ಅಮೆರಿಕದ ಆಲ್ ನ್ಯಾಗ್ಲರ್ 1980ರ ಹೊತ್ತಿಗೆ 82 ಡಿಗ್ರಿ ಅಗಲದ ಐಪೀಸ್ ತಂದ ಮೇಲೆ ಹವ್ಯಾಸಿಗಳ ನಿರೀಕ್ಷೆಯೇ ಬದಲಾಯಿತು.

ಈ ಡಿಗ್ರಿಯೇ ಎರಡು ಐಪೀಸುಗಳ ನಡುವಿನ ನಿಜವಾದ ಅಂತರ. ಐಪೀಸಿನೊಳಗೆ ಕಾಣುವ ವೃತ್ತ ಎಷ್ಟು ಅಗಲ ಎಂಬುದನ್ನು ಅದು ಹೇಳುತ್ತದೆ. ಅದನ್ನು ವರ್ಧನೆಯಿಂದ ಭಾಗಿಸಿದರೆ ಆಕಾಶದ ಎಷ್ಟು ಭಾಗ ಕಾಣುತ್ತದೆಂದು ತಿಳಿಯುತ್ತದೆ. ಪ್ಲಾಸಲ್ ಐಪೀಸಿನ ಅಗಲ ಸುಮಾರು 50 ಡಿಗ್ರಿ. 10 ಮಿ.ಮೀ. ಪ್ಲಾಸಲ್‌ನಲ್ಲಿ, 120 ಪಟ್ಟಿನಲ್ಲಿ, ಕಾಣುವುದು ಆಕಾಶದ 0.42 ಡಿಗ್ರಿ. ಹುಣ್ಣಿಮೆಯ ಚಂದ್ರನೇ ಅರ್ಧ ಡಿಗ್ರಿ, ಅಂಚು ಕತ್ತರಿಸಿಹೋಗುತ್ತದೆ. 82 ಡಿಗ್ರಿಯ 10 ಮಿ.ಮೀ. ಐಪೀಸಿನಲ್ಲಿ ವರ್ಧನೆ ಅಷ್ಟೇ ಇದ್ದರೂ ಚಂದ್ರ ಪೂರ್ತಿ ಕಂಡು ಸುತ್ತ ಕತ್ತಲೂ ಉಳಿಯುತ್ತದೆ. ಭೂಮಿ ತಿರುಗುವುದರಿಂದ ಗ್ರಹ ನೋಟದಿಂದ ಜಾರುತ್ತಲೇ ಇರುತ್ತದೆ. ಕೈಯಿಂದ ತಳ್ಳುವ ಡಾಬ್ಸೋನಿಯನ್‌ನಲ್ಲಿ ಮೊದಲ ಐಪೀಸಿನಿಂದ ಗುರು ಸುಮಾರು 1 ನಿಮಿಷ 40 ಸೆಕೆಂಡಿನಲ್ಲಿ ಹೊರಬಿದ್ದರೆ, ಎರಡನೆಯದರಲ್ಲಿ ಎರಡೂಮುಕ್ಕಾಲು ನಿಮಿಷ ನಿಲ್ಲುತ್ತದೆ. ಮಕ್ಕಳು ಸಾಲುಗಟ್ಟಿ ನಿಂತಿರುವಾಗ ಆ ಒಂದು ನಿಮಿಷದ ಬೆಲೆ ಗೊತ್ತಾಗುತ್ತದೆ.

ಅಗಲಕ್ಕೆ ತೂಕವೂ ಬೆಲೆಯೂ ಸೇರಿಕೊಳ್ಳುತ್ತವೆ. 31 ಮಿ.ಮೀ. ನ್ಯಾಗ್ಲರ್ ಸುಮಾರು ಒಂದು ಕಿಲೋ ತೂಗುತ್ತದೆ. ಸಣ್ಣ ಡಾಬ್ಸೋನಿಯನ್‌ನ ಮೂತಿ ಅದರ ಭಾರಕ್ಕೇ ಕೆಳಗೆ ಬಾಗುತ್ತದೆ. ಅದಕ್ಕೆ 2 ಇಂಚಿನ ಕೊಳವೆಯೂ ಬೇಕು. ಸಾಮಾನ್ಯ ಅಳತೆ ಒಂದೂಕಾಲು ಇಂಚು.

ಅಂಕಿಯಲ್ಲಿ ಕಾಣದ ಇನ್ನೊಂದು ಸಂಗತಿ, ಮಸೂರದಿಂದ ಕಣ್ಣು ಎಷ್ಟು ದೂರವಿರಬಹುದು ಎಂಬುದು. 10 ಮಿ.ಮೀ. ಪ್ಲಾಸಲ್‌ನಲ್ಲಿ ಅದು ಸುಮಾರು 7 ಮಿ.ಮೀ. ರೆಪ್ಪೆ ಗಾಜಿಗೆ ತಾಗುತ್ತದೆ, ಕಣ್ಣೀರು ಮೆತ್ತಿ ನೋಟ ಮಸುಕಾಗುತ್ತದೆ. ಕನ್ನಡಕ ಹಾಕಿಯೇ ನೋಡಬೇಕಾದವರಿಗೆ 15ರಿಂದ 20 ಮಿ.ಮೀ. ಬೇಕು. ಆದರೆ ಬರೀ ಸಮೀಪದೃಷ್ಟಿ ಅಥವಾ ದೂರದೃಷ್ಟಿ ಇರುವವರು ಕನ್ನಡಕ ತೆಗೆದು ಫೋಕಸ್ ತಿರುವಿಕೊಂಡರೆ ಸಾಕು; ಅಸ್ಟಿಗ್ಮ್ಯಾಟಿಸಂ ಇದ್ದವರಿಗೆ ಮಾತ್ರ ಆ ಅನುಕೂಲವಿಲ್ಲ.

ಬಾರ್ಲೊ ಮಸೂರವೆಂಬುದು ಇದ್ದ ಐಪೀಸಿನ ವರ್ಧನೆಯನ್ನು ಸಾಮಾನ್ಯವಾಗಿ ಎರಡು ಪಟ್ಟು ಮಾಡುತ್ತದೆ, ಕಣ್ಣಿನ ದೂರವನ್ನು ಕಡಿಮೆ ಮಾಡುವುದಿಲ್ಲ. ಸಣ್ಣ ಅಂಕಿಯ ಅಗ್ಗದ ಐಪೀಸಿಗಿಂತ ಅದು ವಾಸಿ. 8–24ರ ಜೂಮ್ ಐಪೀಸ್ ಚಂದ್ರನಿಗೆ ಹೇಳಿಮಾಡಿಸಿದ್ದು. 24ರ ತುದಿಯಲ್ಲಿ ಮಾತ್ರ ನೋಟ ಕಿರಿದಾಗುತ್ತದೆ.

ಹತ್ತಾರು ಐಪೀಸುಗಳ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಮೇಲಿನ ದೂರದರ್ಶಕಕ್ಕೆ 32 ಮಿ.ಮೀ. ಪ್ಲಾಸಲ್ ಒಂದು, 10ರ ಆಸುಪಾಸಿನ ಅಗಲ ನೋಟದ್ದೊಂದು, ಒಂದು ಬಾರ್ಲೊ ಇದ್ದರೆ ವರ್ಷಗಟ್ಟಲೆ ಸಾಗುತ್ತದೆ. ಮಹಾವ್ಯಾಧದ ನೀಹಾರಿಕೆಯನ್ನೂ ನಕ್ಷತ್ರಗುಚ್ಛಗಳನ್ನೂ ಹುಡುಕುವವರ ಕೊಳವೆಯಲ್ಲಿ ಹೆಚ್ಚು ಹೊತ್ತು ಇರುವುದು 32ರದ್ದೇ.

ಮಲೆನಾಡು, ಕರಾವಳಿಯಲ್ಲಿ ಐಪೀಸಿನ ದೊಡ್ಡ ಶತ್ರು ಮಳೆಗಾಲದ ಬೂಷ್ಟು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು, ಮಂಜು ಕೂತಿದ್ದರೆ ಆರಿದ ಮೇಲೆಯೇ ಮುಚ್ಚಬೇಕು. ಬೂಷ್ಟು ಗಾಜಿನ ಲೇಪನವನ್ನು ಒಮ್ಮೆ ತಿಂದರೆ ಒರೆಸಿದರೂ ಗುರುತು ಹೋಗುವುದಿಲ್ಲ. ಬಳಸಿದ ಐಪೀಸ್ ಕೊಳ್ಳುವ ಮುನ್ನ ಅದನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದು, ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ನೋಡಿ.